ಕಡಲೆಕಾಳಿನಷ್ಟು

ನಾಲ್ಕೂ ನಲವತ್ತಕ್ಕೆ ಅಲಾರಾಂ.
ಕೋಡಿಬಾಗದ ಈ ಬಾಡಿಗೆ ಕೋಣೆಯಲ್ಲಿ
ಮೊದಲು ಏಳುವುದು ಟ್ಯೂಬ್‌ಲೈಟಿನ ಸ್ಟಾರ್ಟರು,
ಆಮೇಲೆ ನಾನು,
ಕೊನೆಗೆ ಕನ್ನಡಿ.

ಮುಖಕ್ಕೆ ಬರೀ ನೀರು.
ಉಜ್ಜಬೇಡಿ, ಒತ್ತಿ ಒರೆಸಿ ಅಂದಿದ್ದಾರೆ ಡಾಕ್ಟರು,
ಹಸುಗೂಸಿನ ನೆತ್ತಿ ಒರೆಸಿದ ಹಾಗೆ.
ಹಸುಗೂಸನ್ನು ಒರೆಸಿ ಗೊತ್ತಿಲ್ಲ ನನಗೆ,
ಟಿಕೆಟ್ ಮಷೀನಿನ ಗಾಜು ಒರೆಸುವಂತೆ ಒರೆಸುತ್ತೇನೆ.

ಮುಲಾಮು, ಕಡಲೆಕಾಳಿನಷ್ಟು.
ಎಡಗಣ್ಣಿನ ಕೆಳಗಿನ ಬಿಳಿ, ಕೂರ್ಮಗಡ.
ಗದ್ದದ ಮೇಲಿನದು ದೇವಗಡ,
ದೀಪಸ್ತಂಭದ ಜಾಗದಲ್ಲಿ ಒಂದು ಕರೀ ಮಚ್ಚೆ.
ಬಲಗೈ ಗೆಣ್ಣುಗಳಿಗೆ ಹೆಸರಿಟ್ಟಿಲ್ಲ ಇನ್ನೂ,
ಇಳಿತದ ಹೊತ್ತಿನ ಮರಳದಿಬ್ಬ ಅವು,
ನಿನ್ನೆಯ ಹಾಗೆ ಇವತ್ತಿಲ್ಲ.

ಮೊದಲ ವರ್ಷ ಸ್ಕೇಲಿಟ್ಟು ಅಳೆಯುತ್ತಿದ್ದೆ.
ಡೈರಿಯಲ್ಲಿ ಮಿಲಿಮೀಟರು,
ಪಕ್ಕದಲ್ಲಿ ಆ ದಿನದ ಕಲೆಕ್ಷನ್ನು.
ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಹಚ್ಚುತ್ತಿದ್ದೆ,
ಯಾರದೋ ಗೋಡೆಗೆ
ಕೂಲಿ ಕೊಡದವರ ಸುಣ್ಣ ಬಳಿದಂತೆ.

ಶೇವಂತಿ ಮೌಶಿ ಬಂದಳು ಒಂದು ಭಾನುವಾರ
ಸೆರಗಿನ ಗಂಟಲ್ಲಿ ಮುರುಗಲು ತುಪ್ಪದ ಉಂಡೆ ಕಟ್ಟಿಕೊಂಡು.
"ಇದ್ರಿಂದ ತೊನ್ನು ಹೋಗೂದಿಲ್ಲ ಮತ್ತೆ.
ಹಿಮ್ಮಡಿ ಒಡೆದದ್ದು ಹೋಗ್ತದೆ.
ಹೋಗೂದನ್ನಾದ್ರೂ ಕಳಿಸು."

ಕಲ್ಲಿನಂಥ ಉಂಡೆ.
ಚಹಾದ ಪಾತ್ರೆಗೆ ಒತ್ತಿ ಹಿಡಿದರೆ ತುಸುವೇ ಸಡಿಲುತ್ತದೆ,
ಆತುರ ಮಾಡಿದರೆ ಇಲ್ಲ.
ಕೂತೆ. ಕಾಲನ್ನು ತೊಡೆಯ ಮೇಲೆ ಎಳೆದುಕೊಂಡೆ.
ದಿನಕ್ಕೆ ಎಂಟು ತಾಸು ನಿಲ್ಲುವ ಕಾಲು,
ಅದರ ಮುಖವನ್ನೇ ನೋಡಿರಲಿಲ್ಲ ನಾನು.

"ಯಾರಿಗೆ ತೋರಿಸಲಿಕ್ಕೆ ಇಷ್ಟೆಲ್ಲ?"
ಸನ್‌ಸ್ಕ್ರೀನಿನ ಬೆಲೆ ಕೇಳಿ ಮನೆ ಓನರಮ್ಮ.
ತೋರಿಸಲಿಕ್ಕಲ್ಲ ಅಕ್ಕ,
ಮುಟ್ಟಲಿಕ್ಕೆ.

ಕಾರವಾರ–ಕುಮಟಾ ಲೋಕಲ್ಲಿನಲ್ಲಿ
"ಚಿಲ್ಲರೆ ಇರ್ಲಿ ಬಿಡಿ" ಅನ್ನುವವರೆಲ್ಲ ಉದಾರಿಗಳಲ್ಲ.
ಕೆಲವರು ನಾಣ್ಯವನ್ನು ಗೇಣೆತ್ತರದಿಂದ ಬಿಡುತ್ತಾರೆ ಅಂಗೈಗೆ,
ಬಾವಿಯ ಆಳ ನೋಡುವ ಹಾಗೆ.
ಹೆಂಗಸರ ಕಾರ್ಡಿನ ಮುಖಕ್ಕೂ ಎದುರಿನ ಮುಖಕ್ಕೂ
ತಾಳೆ ನೋಡುವುದು ನನ್ನ ಕೆಲಸ.
ನನ್ನ ಐಡಿಯಲ್ಲಿ ಒಂದೇ ಬಣ್ಣದ ಹುಡುಗಿಯೊಬ್ಬಳು ನಗುತ್ತಾಳೆ,
ತಾಳೆಯಾಗುವುದಿಲ್ಲ.
ಆದರೂ ಅವಳನ್ನು ಇಳಿಯೆಂದಿಲ್ಲ.

ಮಧ್ಯಾಹ್ನ ಅಂಕೋಲಾ ಸ್ಟ್ಯಾಂಡಿನಲ್ಲಿ ಎರಡನೇ ಸಲ ಹಚ್ಚಬೇಕು.
ಡ್ರೈವರ್ ಬೊಮ್ಮಯ್ಯ ನಾಯಕರು
ಒಳಗಿನ ಕನ್ನಡಿಯನ್ನು ನನ್ನ ಕಡೆ ತಿರುಗಿಸಿ
ಬೀಡಿ ಹಚ್ಚಲು ಕೆಳಗಿಳಿಯುತ್ತಾರೆ.
ಮೂರು ವರ್ಷದಲ್ಲಿ ಈ ಬಗ್ಗೆ ಒಂದು ಮಾತಾಡಿಲ್ಲ.
ಬಂದು, ಕನ್ನಡಿ ತಿರುಗಿಸಿಕೊಂಡು, ಹಾರ್ನು.

ಇವತ್ತು ಅವರ್ಸಾದಲ್ಲಿ ಹತ್ತಿದವಳೊಬ್ಬಳು,
ಬುಟ್ಟಿಯ ಲಗೇಜಿಗೆ ಟಿಕೆಟ್ ಹರಿದೆ ಎಂದು
ಗಪ್ಪನೆ ಹಿಡಿದಳು ನನ್ನ ಮಣಿಕಟ್ಟು.
"ಎಂತದೇ ಇದು, ಇಷ್ಟು ದುಡ್ಡಾ?
ಬಂಗಡೆ ಪೂರಾ ನಿಂಗೇ ಕೊಡ್ತೆ, ನೀನೇ ಮಾರ್ಕಾ!"
ಹಾರವಾಡ ದಾಟಿದರೂ ಬಿಡಲಿಲ್ಲ,
ಬಿಳಿಯ ಮೇಲೂ ಕರಿಯ ಮೇಲೂ ಒಂದೇ ಹಿಡಿತ,
ಒಂದೇ ಸಿಟ್ಟು, ಒದ್ದೆ, ಹುರುಪೆ.
ನಾನೂ ಜಗಳಾಡಿದೆ ಜೋರಾಗಿ,
ಬೇಕಾದ್ದಕ್ಕಿಂತ ಎರಡು ಸ್ಟಾಪು ಹೆಚ್ಚಿಗೆ.

ರಾತ್ರಿ.
ಮುಖ ತೊಳೆದೆ. ಎಡಗೈ ತೊಳೆದೆ.
ಕಾಲಿಗೆ ತುಪ್ಪ ಹಚ್ಚಿದೆ.
ಬಲಗೈಯನ್ನು ತುಂಬ ಹೊತ್ತಾದ ಮೇಲೆ ತೊಳೆದೆ.

ಗದ್ದದ ಬಿಳಿ ಒಂದು ಅಕ್ಕಿಕಾಳು ಮುಂದೆ ಬಂದಿದೆ.
ಸ್ಕೇಲು ಬೇಕಿಲ್ಲ, ಬೆರಳಿಗೆ ಗೊತ್ತಾಗುತ್ತದೆ.
ಬಾಗಿಲ ಬಳಿ ನಿಂತವರಿಗೆ ದಿನವೂ ಹೇಳುವುದನ್ನೇ ಹೇಳಿದೆ,
ಸ್ವಲ್ಪ ಮೆಲ್ಲಗೆ,
"ಒಳಗೆ ಬನ್ನಿ, ಜಾಗ ಇದೆ."

ಟ್ಯೂಬಿನ ಬಾಲ ಮಡಚಿ ಇನ್ನೊಂದು ಕಾಳು ತೆಗೆದೆ.
ನಾಳೆ ಹೊಸದು ತರಬೇಕು.